ಮೂಗಿಗೆ ಮೊದಲ ಮರ್ಯಾದೆ

ಎಲ್ಲರಿಗೂ ನಮಸ್ಕಾರ.

ಚಿತ್ರಪ್ರದರ್ಶನ ನೋಡಲು ಬಂದವರ ಕೈಗೆ ವೈನ್ ಲೋಟ ಬರುತ್ತಿದೆ. ಕುಡಿಯದವರೂ ಒಂದು ಲೋಟ ತಗೊಳ್ಳಿ. ರುಚಿ ನೋಡುವುದರಲ್ಲಿ ದೊಡ್ಡ ಪಾಲು ಮೂಗಿನದು. ಗುಟುಕು ಬಾಯಲ್ಲಿ ಆಡಿಸಿ ಉಗುಳಿದರೂ ತಪ್ಪಿಲ್ಲ, ವೈನ್ ರುಚಿ ನೋಡುವ ವೃತ್ತಿಯವರು ಮಾಡುವುದೇ ಹಾಗೆ. ಅದಕ್ಕೆಂದೇ ಮೇಜಿನ ಪಕ್ಕ ಪಾತ್ರೆ ಇಟ್ಟಿದ್ದೇವೆ.

ಬಾಟಲಿಗಳಿಗೆ ಯಾಕೆ ಬಟ್ಟೆ ಸುತ್ತಿದ್ದೀರಿ ಎಂದು ಒಬ್ಬರು ಕೇಳಿದರು. ಫ್ರಾನ್ಸಿನ ಬೋರ್ಡೋದಲ್ಲಿ ನಡೆದ ಒಂದು ಪ್ರಯೋಗ 2001ರಲ್ಲಿ ಪ್ರಕಟವಾಯಿತು. ವೈನ್ ಶಾಸ್ತ್ರ ಕಲಿಯುತ್ತಿದ್ದ 54 ವಿದ್ಯಾರ್ಥಿಗಳಿಗೆ, ಬಿಳಿ ವೈನಿಗೆ ವಾಸನೆಯೇ ಇಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದನ್ನು ಮೂಸಿ, ಕೆಂಪು ವೈನಿಗೆ ಹೇಳುವ ಮಾತುಗಳನ್ನೇ ಬರೆದರು. ಕಣ್ಣು ಹೇಳಿಕೊಟ್ಟದ್ದನ್ನು ಮೂಗು ಒಪ್ಪಿಸಿತು! ಕಲಿತವರ ಪಾಡೇ ಹೀಗಾದರೆ ನಮ್ಮದೇನು?

ಅದೇ ಬೋರ್ಡೋ ಸೀಮೆಯ ಶಾಟೋ ಮೂತೋಂ ರಾಥ್‌ಶೀಲ್ಡ್ ಎಂಬ ವೈನ್ ತಯಾರಕರು 1945ರಿಂದ ಹೆಚ್ಚುಕಡಿಮೆ ವರ್ಷ ವರ್ಷವೂ ಕಲಾವಿದರ ಚಿತ್ರವನ್ನು ಲೇಬಲ್ಲಿಗೆ ಹಾಕುತ್ತ ಬಂದಿದ್ದಾರೆ. 1973ರದ್ದರಲ್ಲಿ ಪಿಕಾಸೊ ಚಿತ್ರವಿದೆ, 2009ರದು ನಮ್ಮ ಮುಂಬೈಯಲ್ಲಿ ಹುಟ್ಟಿದ ಅನೀಶ್ ಕಪೂರ್ ಅವರದು. ನನಗೆ ಅವು ಬಹಳ ಇಷ್ಟ. ಆದರೆ ಪಿಕಾಸೊ ಹೆಸರು ಕಂಡ ಮೇಲೆ ಒಳಗಿನದು ಸಪ್ಪೆ ಅನ್ನಲು ನಾಲಿಗೆ ಏಳುವುದು ಕಷ್ಟ. ಅದಕ್ಕೇ ಬಟ್ಟೆ. ಚಿತ್ರಗಳ ಪಕ್ಕದ ಚೀಟಿಗಳನ್ನೂ ಎಂಟು ಗಂಟೆಯವರೆಗೆ ಮುಚ್ಚಿಡಿ ಎಂದು ಬೇಡಿಕೊಂಡಿದ್ದೇನೆ. ಹೆಸರು, ಬೆಲೆ ಓದಿ ಆಮೇಲೆ ಚಿತ್ರದ ಕಡೆ ತಿರುಗುವ ಅಭ್ಯಾಸ ನನಗೂ ಇತ್ತು. ಬಿಡಿಸಿಕೊಳ್ಳಲು ವರ್ಷಗಳೇ ಬೇಕಾದವು.

ಇನ್ನೊಂದು ಮಾತು, ಇದು ನನಗೆ ಮುಖ್ಯ. ವೈನಿನ ಪುಸ್ತಕಗಳು ವಾಸನೆ ಹೇಳುವಾಗ ಬ್ಲ್ಯಾಕ್‌ಕರಂಟ್, ಗೂಸ್‌ಬೆರಿ ಎಂದು ವಿದೇಶದ ಹಣ್ಣುಗಳನ್ನು ಹೆಸರಿಸುತ್ತವೆ. ನಮ್ಮಲ್ಲಿ ಎಷ್ಟು ಜನ ಅವನ್ನು ತಿಂದಿದ್ದೇವೆ? ಕೆಂಪು ವೈನ್ ಬಾಯಿಗಿಟ್ಟಾಗ ನಾಲಿಗೆ, ಒಸಡು ಬಿಗಿಯುತ್ತದಲ್ಲ, ದ್ರಾಕ್ಷಿಯ ಸಿಪ್ಪೆ, ಬೀಜಗಳಲ್ಲಿರುವ ಟ್ಯಾನಿನ್ ಎಂಬ ಅಂಶದ ಕೆಲಸ ಅದು. ನೇರಳೆ ಹಣ್ಣು ತಿಂದು ಬೆಳೆದವರಿಗೆ ಅದನ್ನು ವಿವರಿಸಬೇಕೆ? ಒಗರು. ಸಾವಿನ್ಯೋಂ ಬ್ಲಾಂಕ್ ಎಂಬ ಬಿಳಿ ವೈನಿನಲ್ಲಿ ಹಸಿ ದೊಣ್ಣೆಮೆಣಸಿನಕಾಯಿ ವಾಸನೆ ಬಂತೆಂದರೆ ಭ್ರಮೆಯಲ್ಲ, ಎರಡರಲ್ಲೂ ಇರುವುದು ಒಂದೇ ರಾಸಾಯನಿಕ. ಮಾಗಿದ ಸೀಬೆಹಣ್ಣು ನೆನಪಾದರೂ ಸರಿಯೇ. ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯವರಿಗೆ ಬೆಂಗಳೂರು ಬ್ಲೂ ದ್ರಾಕ್ಷಿಯ ಆ ಗಾಢ ವಾಸನೆ ಗೊತ್ತೇ ಇದೆ. ಆ ಮೂಗು ಸಾಕು.

ಈಗ ಲೋಟದ ಕಾಲು ಹಿಡಿಯಿರಿ, ಹೊಟ್ಟೆ ಹಿಡಿದರೆ ಕೈಬಿಸಿಗೆ ವೈನ್ ಕಾಯುತ್ತದೆ. ಬಿಳಿ ಗೋಡೆಗೆ ಎದುರಾಗಿ ತುಸು ಓರೆ ಮಾಡಿ, ಅಂಚಿನ ಬಣ್ಣ ನೋಡಿ: ಎಳೆಯ ಕೆಂಪು ವೈನಾದರೆ ನೇರಳೆ ಛಾಯೆ, ವಯಸ್ಸಾದದ್ದಾದರೆ ಇಟ್ಟಿಗೆ ಬಣ್ಣ. ಎರಡು ಸುತ್ತು ತಿರುಗಿಸಿ, ಪರಿಮಳ ಏಳಲಿ. ಕುಡಿಯಬೇಡಿ ಇನ್ನೂ. ಕಣ್ಣು ಮುಚ್ಚಿ ಮೂಸಿ, ಏನು ನೆನಪಾಯಿತೋ ಪಕ್ಕದವರಿಗೆ ಕನ್ನಡದಲ್ಲಿ ಹೇಳಿ. ಆಮೇಲೆ ಎಡಗಡೆಯ ಗೋಡೆಯ ಆ ದೊಡ್ಡ ನೀಲಿ ಚಿತ್ರದ ಮುಂದೆ ಸೇರೋಣ.