ಜೈಲಿನ ಡಾಕ್ಟರ್ ಯಾರ ಮಾತು ಕೇಳಬೇಕು?

ನಮಸ್ಕಾರ ಎಲ್ಲರಿಗೂ. ಇವತ್ತು ಬೇರೆ ವಿಷಯ ಮಾತಾಡಬೇಕು ಅಂತ ಬರೆದಿಟ್ಟುಕೊಂಡಿದ್ದೆ. ಅದು ಮುಂದಕ್ಕೆ ಹೋಯಿತು. ಯಾಕೆಂದರೆ ಕಳೆದ ವಿಡಿಯೋ ಕೆಳಗೆ ಒಂದು ಕಾಮೆಂಟ್ ಬಂದಿದೆ. ಇದ್ದ ಹಾಗೇ ಓದುತ್ತೇನೆ, ಕೇಳಿ. "ಜೈಲಲ್ಲಿ ಇರೋರಿಗೆ ಡಾಕ್ಟರು, ಔಷಧಿ ಎಲ್ಲಾ ಯಾಕೆ? ತಪ್ಪು ಮಾಡಿದ್ದಾರೆ, ಅನುಭವಿಸಲಿ." ಇಷ್ಟೇ. ಕಾಮೆಂಟ್ ಹಾಕಿದವರ ಮೇಲೆ ನನಗೆ ಅಷ್ಟೊಂದು ಕೋಪ ಇಲ್ಲ. ಅದಕ್ಕೆ ಬಿದ್ದ ಲೈಕ್‌ಗಳನ್ನು ನೋಡಿ ಹೊಟ್ಟೆ ಉರಿಯಿತು.

ಮೊದಲು ಒಂದು ಪ್ರಶ್ನೆ. ನ್ಯಾಯಾಧೀಶರು ಶಿಕ್ಷೆ ಓದುವಾಗ ಏನು ಓದುತ್ತಾರೆ? ಮೂರು ವರ್ಷ ಜೈಲು. ಏಳು ವರ್ಷ ಜೈಲು. "ಮತ್ತು ಈತನ ಸಕ್ಕರೆ ಕಾಯಿಲೆಗೆ ಮಾತ್ರೆ ಕೊಡಬಾರದು" ಅಂತ ಓದುತ್ತಾರಾ? "ಈಕೆಯ ಎದೆಯಲ್ಲಿ ಗಂಟು ಕಾಣಿಸಿದರೆ ಆರು ತಿಂಗಳು ಯಾರೂ ನೋಡಬಾರದು" ಅಂತ ಬರೆಯುತ್ತಾರಾ? ಇಲ್ಲ ತಾನೇ? ಹಾಗಾದರೆ ಆ ಶಿಕ್ಷೆ ಕೊಟ್ಟವರು ಯಾರು? ಯಾವ ಕೋರ್ಟ್ ಕೊಟ್ಟಿತು? ಯಾವ ಕೋರ್ಟೂ ಕೊಡಲಿಲ್ಲ. ಸುಮ್ನೆ ಆಗಿಹೋಯಿತು, ಯಾರೂ ಕೇಳಲಿಲ್ಲ, ಅಷ್ಟೇ.

ಇನ್ನು "ತಪ್ಪು ಮಾಡಿದ್ದಾರೆ" ಅನ್ನುವ ಮಾತು. 2022ರ ಕೊನೆಗೆ ನಮ್ಮ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅವರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರ ಕೇಸ್ ಇನ್ನೂ ಮುಗಿದಿಲ್ಲ. ತಪ್ಪು ಮಾಡಿದ್ದಾರೋ ಇಲ್ಲವೋ ಇನ್ನೂ ಗೊತ್ತಿಲ್ಲ. ಇದು ಸರ್ಕಾರವೇ ಪ್ರಕಟಿಸುವ ಜೈಲು ಅಂಕಿಅಂಶ, ನಾನು ಸೃಷ್ಟಿ ಮಾಡಿದ್ದಲ್ಲ. ಇಷ್ಟು ಜನರನ್ನು ಇಟ್ಟಿದ್ದು 4,36,266 ಜನರಿಗೆ ಕಟ್ಟಿದ ಜಾಗದಲ್ಲಿ. ಲೈಕ್ ಒತ್ತಿದವರಿಗೆ ನ್ಯಾಯಾಧೀಶರಿಗಿಂತ ಮೊದಲೇ ತೀರ್ಪು ಗೊತ್ತಾಗಿಬಿಟ್ಟಿದೆ, ಭಲೇ!

ಸರಿ, ಈಗ ನನ್ನ ವಿಷಯಕ್ಕೆ ಬರುತ್ತೇನೆ. ಇವತ್ತು ನಾನು ಹೇಳುವುದು ಒಂದೇ ಮಾತು. ಜೈಲಿನ ಡಾಕ್ಟರ್ ಜೈಲಿನ ಅಧಿಕಾರಿಯ ಕೈಕೆಳಗೆ ಇರಬಾರದು. ಆರೋಗ್ಯ ಇಲಾಖೆಯ ಕೈಕೆಳಗೆ ಇರಬೇಕು. ಹೊಸ ಕಟ್ಟಡ ಆಮೇಲೆ, ಹೊಸ ಮಷಿನ್ ಆಮೇಲೆ. ಮೊದಲು ಇದು.

ಯಾಕೆ ಅಂತ ಕೇಳಿ. ಜೈಲಿನ ಒಳಗೆ ಒಬ್ಬರಿಗೆ ಹುಷಾರಿಲ್ಲ ಅಂದುಕೊಳ್ಳಿ. ನೀವು, ನಾನು ಆದರೆ ಎದ್ದು ಆಸ್ಪತ್ರೆಗೆ ಹೋಗುತ್ತೇವೆ. ಅವರು ಮೊದಲು ಬ್ಯಾರಕ್‌ನಲ್ಲಿರುವ ವಾರ್ಡರ್‌ಗೆ ಹೇಳಬೇಕು. ವಾರ್ಡರ್ ಮುಖ ನೋಡಿ ನಿಜವೋ ನಾಟಕವೋ ಅಂತ ತೀರ್ಮಾನ ಮಾಡುತ್ತಾನೆ. ಅವನೇನು ವೈದ್ಯಕೀಯ ಓದಿದ್ದಾನಾ? ಅವನು ಹೂಂ ಅಂದರೆ ಡಾಕ್ಟರ್ ಹತ್ತಿರ. ಡಾಕ್ಟರ್ "ಹೊರಗಿನ ದೊಡ್ಡ ಆಸ್ಪತ್ರೆಗೆ ಕಳಿಸಿ" ಅಂತ ಬರೆದರು ಅಂತಿಟ್ಟುಕೊಳ್ಳಿ. ಆಗ ಎಸ್ಕಾರ್ಟ್ ಬೇಕು. ಪೊಲೀಸರು ಇಲ್ಲ, ಇವತ್ತು ಎಲ್ಲರೂ ಕೋರ್ಟ್ ಡ್ಯೂಟಿಗೆ ಹೋಗಿದ್ದಾರೆ. ನಾಳೆ ನೋಡೋಣ. ನಾಳೆ ಗಾಡಿ ಇಲ್ಲ. ಸ್ಕ್ಯಾನಿಂಗ್ ತಾರೀಕು ಮೀರಿ ಹೋಯಿತು. ಮತ್ತೆ ಮೊದಲಿನಿಂದ ಶುರು. ಇದರ ಮಧ್ಯೆ ಅವರನ್ನು ಬೇರೆ ಜೈಲಿಗೆ ವರ್ಗ ಮಾಡಿದರು, ಫೈಲ್ ಹಿಂದೆಯೇ ಉಳಿಯಿತು. ಹೊಸ ಜೈಲಿನಲ್ಲಿ ಆ ಮನುಷ್ಯ ತಾನು ಯಾವ ಮಾತ್ರೆ ತಗೊಳ್ಳುತ್ತಿದ್ದೆ ಅಂತ ಬಣ್ಣ ಹೇಳಿ ವಿವರಿಸಬೇಕು. ಬಿಳಿ ಮಾತ್ರೆ, ಚಿಕ್ಕದು. ಬಿಳಿ ಚಿಕ್ಕ ಮಾತ್ರೆ ಜಗತ್ತಿನಲ್ಲಿ ಎಷ್ಟಿವೆ?

ಈ ದಾರಿಯಲ್ಲಿ ಡಾಕ್ಟರ್ ಜಗಳ ಆಡಬಹುದಿತ್ತು, ಅಲ್ವಾ? "ನಾಳೆ ಅಲ್ಲ, ಇವತ್ತೇ ಕಳಿಸಿ" ಅನ್ನಬಹುದಿತ್ತು. ಆದರೆ ಆ ಡಾಕ್ಟರ್‌ನ ರಜೆ, ಕ್ವಾರ್ಟರ್ಸ್, ವರ್ಷದ ಕೊನೆಯ ವರದಿ ಎಲ್ಲವೂ ಆ ಅಧಿಕಾರಿಯ ಕೈಯಲ್ಲೇ ಇದ್ದರೆ? ಒಂದು ಸಲ ಜಗಳ ಆಡುತ್ತಾರೆ. ಎರಡನೇ ಸಲ ಸ್ವಲ್ಪ ಮೆಲ್ಲಗೆ ಹೇಳುತ್ತಾರೆ. ಆಮೇಲೆ ಹೇಳುವುದನ್ನೇ ಬಿಡುತ್ತಾರೆ. ಒಳ್ಳೆಯ ಡಾಕ್ಟರ್‌ಗಳೂ ಹೀಗೆ ಸೋತು ಹೋಗುತ್ತಾರೆ. ನಾನು ಅವರನ್ನು ಬೈಯುತ್ತಿಲ್ಲ, ಅವರನ್ನು ಅಲ್ಲಿ ಕೂರಿಸಿದ ಪದ್ಧತಿಯನ್ನು ಬೈಯುತ್ತಿದ್ದೇನೆ.

ಇದು ನನ್ನ ಊಹೆ ಅಂದುಕೊಳ್ಳಬೇಡಿ. 1894ರ ಜೈಲು ಕಾಯ್ದೆ ತೆಗೆದು 13ನೇ ಕಲಂ ಓದಿ. ಜೈಲಿನ ನೈರ್ಮಲ್ಯದ ಹೊಣೆ ವೈದ್ಯಾಧಿಕಾರಿಯದು, ಆದರೆ ಸೂಪರಿಂಟೆಂಡೆಂಟರ ನಿಯಂತ್ರಣಕ್ಕೆ ಒಳಪಟ್ಟು. ಹೊಣೆ ಒಬ್ಬರದು, ಹಿಡಿತ ಇನ್ನೊಬ್ಬರದು. ಬ್ರಿಟಿಷರು ಬರೆದ ಕಾಯ್ದೆ ಇದು. ಸಂಬಳ ಆರೋಗ್ಯ ಇಲಾಖೆಯಿಂದ ಬಂದರೂ, ಗೇಟಿನ ಒಳಗೆ ನಡೆಯುವುದು ಸೂಪರಿಂಟೆಂಡೆಂಟರ ಮಾತೇ ಆದರೆ ಕಥೆ ಅದೇ.

ತಮಾಷೆ ಏನು ಗೊತ್ತಾ? ಆ ಬ್ರಿಟಿಷರು ತಮ್ಮ ಊರಲ್ಲಿ ಏನು ಮಾಡಿದರು? 2006ರ ಹೊತ್ತಿಗೆ ಇಂಗ್ಲೆಂಡ್‌ನಲ್ಲಿ ಜೈಲಿನ ವೈದ್ಯಕೀಯ ಜವಾಬ್ದಾರಿಯನ್ನು ಜೈಲು ಇಲಾಖೆಯಿಂದ ತೆಗೆದು ಎನ್‌ಎಚ್‌ಎಸ್‌ಗೆ ಕೊಟ್ಟರು. ಎಲ್ಲಾ ಪ್ರಜೆಗಳನ್ನೂ ನೋಡುವ ಅದೇ ಸಾರ್ವಜನಿಕ ಆರೋಗ್ಯ ವ್ಯವಸ್ಥೆಗೆ. ಫ್ರಾನ್ಸ್ 1994ರಲ್ಲಿ ಕಾನೂನು ತಂದು ಇದನ್ನೇ ಮಾಡಿತು. ನಾರ್ವೆ ಇನ್ನೂ ಮೊದಲು, 1988ರಲ್ಲೇ ಮಾಡಿತ್ತು. ಅಲ್ಲಿ ಹೊರಗಿನ ಸ್ಥಳೀಯ ಆಡಳಿತದ ಡಾಕ್ಟರ್, ನರ್ಸ್‌ಗಳೇ ಜೈಲಿಗೆ ಬಂದು ನೋಡುತ್ತಾರೆ. "ಅಲ್ಲೆಲ್ಲಾ ಜೈಲು ಸ್ವರ್ಗ ಆಗಿದೆಯಾ?" ಅಂತ ಯಾರೋ ಈಗಲೇ ಟೈಪ್ ಮಾಡುತ್ತಿರುತ್ತೀರಿ. ಆಗಿಲ್ಲ. ಅಲ್ಲೂ ಸಮಸ್ಯೆ ಇದೆ. ಆದರೆ ಅಲ್ಲಿ ತಪ್ಪಾದರೆ ಆರೋಗ್ಯ ಇಲಾಖೆಯನ್ನು ಹಿಡಿದು ಕೇಳಬಹುದು. ಇಲ್ಲಿ ಯಾರನ್ನು ಕೇಳುತ್ತೀರಿ? ಗೇಟ್ ಹೊರಗೆ ನಿಂತು ಸೆಂಟ್ರಿಯನ್ನು ಕೇಳುತ್ತೀರಾ?

ಒಂದು ನಿಮಿಷ. ಈ ಥರದ ಮಾತು ಬೇರೆ ಕಡೆ ಕೇಳಲು ಸಿಗುವುದು ಕಡಿಮೆ. ಇಷ್ಟ ಆದರೆ ಸಬ್‌ಸ್ಕ್ರೈಬ್ ಮಾಡಿ, ಪಾಡ್‌ಕಾಸ್ಟ್‌ನಲ್ಲಿ ಕೇಳುತ್ತಿರುವವರು ಫಾಲೋ ಒತ್ತಿ. ಇಷ್ಟ ಆಗದಿದ್ದರೂ ಒತ್ತಿ, ಮುಂದಿನ ವಾರ ಬಂದು ಬೈಯಲು ಸುಲಭ ಆಗುತ್ತದೆ.

ಈಗ ಅಮೆರಿಕದ ಕಥೆ. 1973ರಲ್ಲಿ ಟೆಕ್ಸಾಸ್‌ನ ಒಂದು ಜೈಲಿನಲ್ಲಿ ಲಾರಿಯಿಂದ ಹತ್ತಿ ಇಳಿಸುತ್ತಿದ್ದ ಕೈದಿಯ ಮೇಲೆ ಹತ್ತಿಯ ದೊಡ್ಡ ಮೂಟೆ ಬಿತ್ತು. ಬೆನ್ನು ಹೋಯಿತು. ನೋವು ಅಂದರೂ ಕೆಲಸಕ್ಕೆ ಹೋಗು ಅಂದರು. ಆಗಲ್ಲ ಅಂದಿದ್ದಕ್ಕೆ ಒಂಟಿ ಕೋಣೆಗೆ ಹಾಕಿದರು. ಅವನು ಕೈಬರಹದಲ್ಲಿ ಅರ್ಜಿ ಬರೆದ. ಅದು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1976ರಲ್ಲಿ ಕೋರ್ಟ್ ಹೇಳಿತು: ಕೈದಿಯ ಗಂಭೀರ ಕಾಯಿಲೆಯನ್ನು ಬೇಕೆಂದೇ ಕಡೆಗಣಿಸುವುದು ಕ್ರೂರ ಶಿಕ್ಷೆ, ಅದು ಸಂವಿಧಾನಕ್ಕೆ ವಿರುದ್ಧ. ಕಾರಣ ಸರಳ. ಅವನು ಜೈಲಿನವರನ್ನು ಬಿಟ್ಟು ಬೇರೆ ಯಾರ ಹತ್ತಿರವೂ ಹೋಗಲಾರ. ಅವರು ನೋಡದಿದ್ದರೆ ಯಾರೂ ನೋಡುವುದಿಲ್ಲ. ಆದರೆ ಆ ಕೈದಿ ತನ್ನ ಸ್ವಂತ ಕೇಸನ್ನು ಸೋತ. ಡಾಕ್ಟರ್‌ಗಳು ಹಲವು ಸಲ ನೋಡಿದ್ದಾರಲ್ಲ, ಇದು ಬೇಕೆಂದೇ ಮಾಡಿದ ನಿರ್ಲಕ್ಷ್ಯ ಅಲ್ಲ ಅಂದರು. ನೋಡಿದರು ಅಂದರೆ ಸಾಕಾ? ನೋಡಿದವರು ಯಾರ ಮಾತು ಕೇಳುತ್ತಿದ್ದರು?

ಕ್ಯಾಲಿಫೋರ್ನಿಯಾಗೆ ಬನ್ನಿ. ಸುಮಾರು 80,000 ಜನರಿಗೆ ಕಟ್ಟಿದ ಜೈಲುಗಳಲ್ಲಿ ಹತ್ತಿರ ಹತ್ತಿರ ಎರಡರಷ್ಟು ಜನ ಇದ್ದರು. ಸರಿಯಾದ ಚಿಕಿತ್ಸೆ ಸಿಕ್ಕಿದ್ದರೆ ಉಳಿಯುತ್ತಿದ್ದ ಕೈದಿಗಳು ಸಾಯುತ್ತಿದ್ದರು. ಆರೇಳು ದಿನಕ್ಕೆ ಒಬ್ಬರಂತೆ. ಇದನ್ನು ಹೇಳಿದ್ದು ಕೋರ್ಟ್. ಆಮೇಲೆ ಆ ನ್ಯಾಯಾಧೀಶರು ಏನು ಮಾಡಿದರು? ಜೈಲಿನ ಇಡೀ ವೈದ್ಯಕೀಯ ವ್ಯವಸ್ಥೆಯನ್ನೇ ರಾಜ್ಯದ ಕೈಯಿಂದ ಕಿತ್ತುಕೊಂಡು ಕೋರ್ಟ್ ನೇಮಿಸಿದ ಆಡಳಿತಾಧಿಕಾರಿಗೆ ಕೊಟ್ಟರು. 2011ರಲ್ಲಿ ಸುಪ್ರೀಂ ಕೋರ್ಟ್ ಕೈದಿಗಳ ಸಂಖ್ಯೆಯನ್ನೂ ಇಳಿಸಿ ಅಂತ ಹೇಳಿತು. ನನ್ನ ಮಾತು ಇದೇ ಅಲ್ವಾ? ಬೀಗದ ಕೈ ಒಬ್ಬರ ಹತ್ತಿರ ಇರಲಿ. ಸ್ಟೆತೊಸ್ಕೋಪ್ ಅವರ ಹತ್ತಿರ ಬೇಡ.

"ಕೈದಿಗಳು ನಾಟಕ ಆಡುತ್ತಾರೆ." ಈ ಮಾತು ಪ್ರತಿ ಸಲ ಬರುತ್ತದೆ. ಆಡುತ್ತಾರೆ, ಯಾರು ಇಲ್ಲ ಅಂದರು? ದುಡ್ಡಿರುವ ದೊಡ್ಡವರು ಅರೆಸ್ಟ್ ಆದ ಕೂಡಲೇ ಎದೆನೋವು ಅಂತ ಆಸ್ಪತ್ರೆ ಸೇರುವುದನ್ನು ಟಿವಿಯಲ್ಲಿ ನಾವೆಲ್ಲ ನೋಡಿಲ್ಲವಾ? ಅವರಿಗೆ ಎಸ್ಕಾರ್ಟ್ ಸಿಗುತ್ತದೆ. ಅವರಿಗೆ ಗಾಡಿ ಸಿಗುತ್ತದೆ. ಹಾಗಾಗುವುದೂ ಇದೇ ಕಾರಣಕ್ಕೆ ಸ್ವಾಮಿ! ಡಾಕ್ಟರ್ ಜೈಲಿನವರ ಮಾತು ಕೇಳುವಂತಿದ್ದರೆ ಬಡವನ ನಿಜವಾದ ನೋವು ನಾಟಕ ಆಗುತ್ತದೆ, ಬಲಿಷ್ಠನ ನಾಟಕ ನಿಜವಾದ ನೋವಾಗುತ್ತದೆ. ನಾಟಕವೋ ಅಲ್ಲವೋ ಅಂತ ಹೇಳಬೇಕಾದವರು ಯಾರಿಗೂ ಹೆದರದ ಡಾಕ್ಟರ್.

"ನಮ್ಮ ತೆರಿಗೆ ದುಡ್ಡು." ಇದು ಇನ್ನೊಂದು. ಸರಿ, ದುಡ್ಡಿನ ಲೆಕ್ಕವೇ ಮಾಡೋಣ. ಜೈಲಿನಲ್ಲಿ ಕ್ಷಯ ರೋಗ ಹೊರಗಿನ ಜನರಿಗಿಂತ ಸುಮಾರು ಹತ್ತು ಪಟ್ಟು ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗಾಳಿ ಆಡದ ಬ್ಯಾರಕ್, ಅಂಟಿಕೊಂಡು ಮಲಗುವ ಜನ. ಮಧ್ಯದಲ್ಲಿ ಔಷಧಿ ನಿಂತರೆ ಮಾತ್ರೆಗೆ ಬಗ್ಗದ ಕ್ಷಯ ಹುಟ್ಟುತ್ತದೆ. ಅದರ ಖರ್ಚು ಮೊದಲಿನದಕ್ಕಿಂತ ಎಷ್ಟೋ ಜಾಸ್ತಿ. ವಾರ್ಡರ್ ಸಂಜೆ ಮನೆಗೆ ಹೋಗುತ್ತಾನೆ. ವಕೀಲರು ಬಂದು ಹೋಗುತ್ತಾರೆ. ಭೇಟಿಗೆ ಬಂದ ಮಕ್ಕಳು ವಾಪಸ್ ಹೋಗುತ್ತಾರೆ. ರೋಗಾಣುವಿಗೆ ಗೇಟ್ ಪಾಸ್ ಬೇಕಾ? 1750ರಲ್ಲಿ ಲಂಡನ್‌ನ ಓಲ್ಡ್ ಬೇಯ್ಲಿ ಕೋರ್ಟಿಗೆ ನ್ಯೂಗೇಟ್ ಜೈಲಿನ ಕೈದಿಗಳನ್ನು ತಂದರು. ಅವರ ಜೊತೆ ಜೈಲು ಜ್ವರ, ಅಂದರೆ ಹೇನಿನಿಂದ ಹರಡುವ ಟೈಫಸ್, ಬಂತು. ಲಂಡನ್‌ನ ಮೇಯರ್ ಸತ್ತರು, ನ್ಯಾಯಾಧೀಶರೂ ಸತ್ತರು. ಅದಾದ ಮೇಲೂ ಜೈಲಿನ ಆರೋಗ್ಯದ ಬಗ್ಗೆ ಒಂದು ಕಾಯ್ದೆ ಬರಲು 1774ರವರೆಗೆ ಕಾಯಬೇಕಾಯಿತು. ಜಾನ್ ಹೊವಾರ್ಡ್ ಅನ್ನುವ ಮನುಷ್ಯ ಜೈಲಿಂದ ಜೈಲಿಗೆ ಅಲೆದು, ಕಂಡದ್ದನ್ನು ಪಾರ್ಲಿಮೆಂಟ್ ಮುಂದೆ ಹೇಳಿದ ಮೇಲೆ.

ಬಿಡುಗಡೆಯ ಮಾತೂ ಹೇಳಿಬಿಡುತ್ತೇನೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೈಲಿನಿಂದ ಹೊರಗೆ ಬಂದವರನ್ನು ಗಮನಿಸಿ ಮಾಡಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಮೊದಲ ಎರಡು ವಾರದಲ್ಲಿ ಅವರು ಸಾಯುವ ಸಾಧ್ಯತೆ ಬೇರೆ ಜನರಿಗಿಂತ 12.7 ಪಟ್ಟು. ಡ್ರಗ್ಸ್ ಜಾಸ್ತಿಯಾಗಿ ಸತ್ತವರೇ ಹೆಚ್ಚು. ಒಳಗಿನ ಡಾಕ್ಟರ್‌ಗೂ ಹೊರಗಿನ ಆಸ್ಪತ್ರೆಗೂ ಸಂಬಂಧವೇ ಇಲ್ಲದಿದ್ದರೆ, ಗೇಟ್ ದಾಟಿದ ಮನುಷ್ಯನನ್ನು ಯಾರು ವಿಚಾರಿಸುತ್ತಾರೆ? ಎರಡೂ ಒಂದೇ ಇಲಾಖೆ ಆಗಿದ್ದರೆ ಫೈಲ್ ಅವನ ಜೊತೆಗೇ ಹೋಗುತ್ತದೆ. ಅದಕ್ಕೇ ಹೇಳುತ್ತಿರುವುದು!

ಆದಿವಾಸಿಗಳ ಹಕ್ಕಿಗಾಗಿ ಕೆಲಸ ಮಾಡಿ, ಕೊನೆಗೆ ಜೈಲು ಸೇರಿದ ಪಾದ್ರಿ ಸ್ಟ್ಯಾನ್ ಸ್ವಾಮಿ ನೆನಪಿದ್ದಾರಾ? ಅವರ ಮೇಲಿನ ಆರೋಪ ಸರಿಯೋ ತಪ್ಪೋ, ಆ ಚರ್ಚೆ ಈಗ ಪಕ್ಕಕ್ಕಿಡಿ. ಎಂಬತ್ತು ದಾಟಿದ, ಪಾರ್ಕಿನ್‌ಸನ್ ಕಾಯಿಲೆಯ ಮನುಷ್ಯ. ಕೈ ನಡುಗಿ ಲೋಟ ಹಿಡಿಯಲು ಆಗುತ್ತಿರಲಿಲ್ಲ. ಒಂದು ಸ್ಟ್ರಾ, ಒಂದು ಸಿಪ್ಪರ್ ಬೇಕು ಅಂತ 2020ರಲ್ಲಿ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ಸ್ಟ್ರಾಗೆ ಕೋರ್ಟ್! ಡಾಕ್ಟರ್ ಒಂದು ಚೀಟಿ ಬರೆದು ಐದು ನಿಮಿಷದಲ್ಲಿ ಮುಗಿಯಬೇಕಿದ್ದ ಕೆಲಸ ಅದು. 2021ರ ಜುಲೈ 5ರಂದು ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಜಾಮೀನು ಅರ್ಜಿ ಇನ್ನೂ ಇತ್ಯರ್ಥ ಆಗಿರಲಿಲ್ಲ.

"ಕೈದಿಯಿಂದ ನೊಂದವರ ಬಗ್ಗೆ ಯಾಕೆ ಮಾತಾಡಲ್ಲ?" ಮಾತಾಡುತ್ತೇನೆ, ಮಾತಾಡಿದ್ದೇನೆ. ಈ ಚಾನೆಲ್‌ನಲ್ಲೇ ಇದೆ, ಹುಡುಕಿ ನೋಡಿ, ಅದಕ್ಕೂ ಒಂದು ಲೈಕ್ ಕೊಡಿ. ಆದರೆ ಕೈದಿಯ ಕಾಲು ಕೊಳೆತರೆ ನೊಂದವರಿಗೆ ಏನು ಸಿಗುತ್ತದೆ? ಪರಿಹಾರ ಸಿಗುತ್ತದಾ? ಸತ್ತವರು ವಾಪಸ್ ಬರುತ್ತಾರಾ? ನೊಂದವರ ಹೆಸರು ಹೇಳಿಕೊಂಡು ನಿಮ್ಮ ಸಿಟ್ಟು ತೀರಿಸಿಕೊಳ್ಳಬೇಡಿ.

ಇದೆಲ್ಲ ಹೊಸ ಮಾತೂ ಅಲ್ಲ. 2015ರಲ್ಲಿ ವಿಶ್ವಸಂಸ್ಥೆ, ಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕು ಅಂತ ಹೇಳುವ ನೆಲ್ಸನ್ ಮಂಡೇಲಾ ನಿಯಮಗಳನ್ನು ಒಪ್ಪಿಕೊಂಡಿತು. 24ನೇ ನಿಯಮ: ಹೊರಗಿನವರಿಗೆ ಸಿಗುವ ಮಟ್ಟದ ಚಿಕಿತ್ಸೆ ಒಳಗಿನವರಿಗೂ ಸಿಗಬೇಕು. 27ನೇ ನಿಯಮ: ಚಿಕಿತ್ಸೆಯ ನಿರ್ಧಾರ ವೈದ್ಯಕೀಯ ಸಿಬ್ಬಂದಿಯದು ಮಾತ್ರ, ಜೈಲು ಸಿಬ್ಬಂದಿ ಅದನ್ನು ತಳ್ಳಿಹಾಕುವಂತಿಲ್ಲ, ಕಡೆಗಣಿಸುವಂತೆಯೂ ಇಲ್ಲ. 48ನೇ ನಿಯಮ: ಹೆರಿಗೆ ಆಗುತ್ತಿರುವ ಹೆಂಗಸಿಗೆ ಬೇಡಿ ಹಾಕಬಾರದು. ಇದನ್ನು ನಿಯಮ ಮಾಡಿ ಬರೆಯಬೇಕಾಯಿತು ಅಂದರೆ ಹಾಕುತ್ತಿದ್ದರು ಅಂತ ತಾನೇ? ಹೆರಿಗೆ ನೋವಿನಲ್ಲಿ ಯಾವ ಹೆಂಗಸು ಎದ್ದು ಓಡುತ್ತಾಳೆ? ಹೇಳಿ! ಆ ಕೋಣೆಯಲ್ಲಿದ್ದ ಡಾಕ್ಟರ್ "ಬಿಚ್ಚಿ" ಅಂದಿದ್ದರೆ ಬಿಚ್ಚಬೇಕು. ಮಾತಿಲ್ಲದೆ ಬಿಚ್ಚಬೇಕು. ಜೈಲು ಕೈಪಿಡಿ ತೆಗೆದು ತೋರಿಸಬಾರದು.

ನಮ್ಮಲ್ಲೂ 1996ರಲ್ಲೇ ಸುಪ್ರೀಂ ಕೋರ್ಟ್ ರಾಮಮೂರ್ತಿ ಪ್ರಕರಣದಲ್ಲಿ ಜೈಲುಗಳ ಒಂಬತ್ತು ಸಮಸ್ಯೆ ಪಟ್ಟಿ ಮಾಡಿತು. ಆರೋಗ್ಯದ ನಿರ್ಲಕ್ಷ್ಯ ಅದರಲ್ಲಿ ಒಂದು. ಅದು ಶುರುವಾದದ್ದೂ ಒಬ್ಬ ಕೈದಿಯ ಪತ್ರದಿಂದ. ಟೆಕ್ಸಾಸ್‌ನಲ್ಲಿ ಕೈಬರಹದ ಅರ್ಜಿ, ಇಲ್ಲಿ ಪತ್ರ. ಕಾಯಿಲೆ ಬಿದ್ದವರು ಎಷ್ಟು ಅಂತ ಪತ್ರ ಬರೆಯಬೇಕು?

ನನ್ನ ಸ್ಕ್ರಿಪ್ಟ್‌ನಲ್ಲಿ ಇನ್ನೂ ಪಾಯಿಂಟ್‌ಗಳಿವೆ. ಬೇಡ, ಬಿಡಿ. ಡಾಕ್ಟರ್ ಡಾಕ್ಟರ್ ಆಗಿರಲಿ, ಜೈಲರ್ ಜೈಲರ್ ಆಗಿರಲಿ. ಇಬ್ಬರಿಗೂ ಒಬ್ಬನೇ ಬಾಸ್ ಬೇಡ. ಇದನ್ನು ಮಾಡಲು ಯಾವ ದೊಡ್ಡ ಕಮಿಟಿ ಬೇಕು? ಯಾವ ಸಮೀಕ್ಷೆ ಬೇಕು? ಜೈಲಿನ ಆಸ್ಪತ್ರೆಯನ್ನು ಆರೋಗ್ಯ ಇಲಾಖೆಗೆ ಕೊಡಿ. ಪೂರ್ತಿ ಕೊಡಿ. ಅರ್ಧ ಕೊಟ್ಟು ಬೀಗದ ಕೈ ಇಟ್ಟುಕೊಳ್ಳಬೇಡಿ. ಕೊಡಿ ಅಂದರೆ ಕೊಡಿ!

ಜೈಲಿನಲ್ಲಿ ಕೆಲಸ ಮಾಡಿದ ಡಾಕ್ಟರ್, ನರ್ಸ್, ಫಾರ್ಮಸಿಸ್ಟ್, ವಾರ್ಡರ್ ಯಾರಾದರೂ ಇದನ್ನು ಕೇಳುತ್ತಿದ್ದರೆ ನನಗೆ ಬರೆಯಿರಿ. ನಿಮ್ಮ ಹೆಸರು, ನಿಮ್ಮ ಜೈಲಿನ ಹೆಸರು ಎಲ್ಲೂ ಹೇಳುವುದಿಲ್ಲ. ಒಳಗೆ ಇದ್ದು ಬಂದವರೂ ಬರೆಯಿರಿ, ಅವರ ಮನೆಯವರೂ ಬರೆಯಿರಿ. ಸಾಕಷ್ಟು ಬಂದರೆ ಅದನ್ನೇ ಒಂದು ಎಪಿಸೋಡ್ ಮಾಡುತ್ತೇನೆ. ಮುಂದಿನ ವಾರ ಮೊದಲೇ ಬರೆದಿಟ್ಟ ವಿಷಯ ಮಾತಾಡುತ್ತೇನೆ, ಅಷ್ಟರೊಳಗೆ ಇನ್ನೊಂದು ಇಂಥ ಕಾಮೆಂಟ್ ಬರದಿದ್ದರೆ. ಬೆಲ್ ಒತ್ತಿ, ನಾಲ್ಕು ಜನಕ್ಕೆ ಕಳಿಸಿ. ಸಿಗೋಣ.