ಕರಾವಳಿಯ ಗಾಳಿಗೆ ಒಗ್ಗುವ ಯುಕುಲೆಲೆ

ಕೇಳುಗರಿಗೆ ನಮಸ್ಕಾರ.

ಗಿಟಾರಿನಂಥ ಪುಟ್ಟ ವಾದ್ಯ ಯುಕುಲೆಲೆಯನ್ನು ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಇದು ಯಾವ ಮರ?’ ಎಂದು. ಕಾರವಾರ, ಅಂಕೋಲಾ, ಹೊನ್ನಾವರದ ಕಡೆಯವರು ಕೇಳಬೇಕಾದ ಪ್ರಶ್ನೆ ಬೇರೆ: ಮಳೆಗಾಲದಲ್ಲಿ ಇದು ಏನಾಗುತ್ತದೆ?

ಈ ವಾದ್ಯದ ಮೂಲ ಕಡಲ ದಾರಿಯದೇ. 1879ರಲ್ಲಿ ಪೋರ್ಚುಗಲ್‌ನ ಮಡೈರಾ ದ್ವೀಪದಿಂದ ಕೂಲಿಗಾಗಿ ಹವಾಯಿಗೆ ಹೋದವರು ತಮ್ಮ ನಾಲ್ಕು ತಂತಿಯ ಪುಟ್ಟ ವಾದ್ಯವನ್ನು ಒಯ್ದರು. ಅದೇ ಅಲ್ಲಿ ಯುಕುಲೆಲೆ ಆಯಿತು. ಹೊನೊಲುಲುವಿನ ಕಮಾಕಾ ಮನೆತನ 1916ರಿಂದ ಅಲ್ಲಿನ ಕೋವಾ ಮರದಲ್ಲಿ ಅದನ್ನು ಮಾಡುತ್ತ ಬಂದಿದೆ. ಆ ನಾದಕ್ಕೆ ಮರುಳಾಗುವುದು ಸಹಜ. ಆದರೆ ಅಖಂಡ ಮರದ ವಾದ್ಯ ಬಯಸುವುದು ಶೇಕಡಾ 45ರಿಂದ 55ರಷ್ಟು ತೇವವಿರುವ ಗಾಳಿಯನ್ನು. ನಮ್ಮಲ್ಲಿ ಜುಲೈನಲ್ಲಿ ಅದು 80 ದಾಟಿರುತ್ತದೆ. ತೇವ ಕುಡಿದ ಮೇಲ್ಹಲಗೆ ಉಬ್ಬುತ್ತದೆ, ಅದರ ಮೇಲೆ ತಂತಿ ಹೊರುವ ಕುದುರೆಯೂ ಏಳುತ್ತದೆ, ತಂತಿಗಳು ದಂಡಿಯ ಮೇಲಿನ ಲೋಹದ ಮೆಟ್ಟಿಲುಗಳಿಂದ ದೂರ ಸರಿದು ಬೆರಳು ನೋಯಲು ಶುರು. ಅದೇ ವಾದ್ಯವನ್ನು ಮಗಳು ಹಾಸ್ಟೆಲಿಗೆಂದು ಧಾರವಾಡಕ್ಕೋ ಬೆಂಗಳೂರಿಗೋ ಒಯ್ದರೆ, ಬೇಸಿಗೆಯ ಒಣ ಗಾಳಿಗೆ ದಂಡಿಯ ಮರ ಕುಗ್ಗಿ ಮೆಟ್ಟಿಲುಗಳ ತುದಿ ಹೊರಚಾಚಿ ಅಂಗೈ ಗೀರುತ್ತವೆ. ಹಲಗೆ ಸೀಳುವುದೂ ಉಂಟು.

ಹಾಗಾಗಿ ಮೊದಲ ಒಳ್ಳೆಯ ಯುಕುಲೆಲೆಗೆ, ತೆಳು ಹಾಳೆಗಳನ್ನು ಅಂಟಿಸಿದ, ತೇವಕ್ಕೆ ಅಷ್ಟು ಅಲುಗದ ಪದರ ಮರದ್ದೇ ಸಾಕು. ಹೆಚ್ಚೆಂದರೆ ಮೇಲ್ಹಲಗೆ ಮಾತ್ರ ಅಖಂಡ, ಪಕ್ಕ ಮತ್ತು ಬೆನ್ನು ಪದರದ್ದು. ಉಳಿದ ಹಣವನ್ನು ಚೆನ್ನಾಗಿ ಹೊಂದಿಸಿದ ವಾದ್ಯಕ್ಕೆ ಕೊಡಿ. ಅಖಂಡ ಹೌದೋ ಅಲ್ಲವೋ ಎಂದು ನೋಡುವುದು ಸುಲಭ: ನಾದರಂಧ್ರದ ಅಂಚನ್ನು ಗಮನಿಸಿ. ಮೇಲಿನ ಗೆರೆಗಳು ಅಂಚಿನಲ್ಲೂ ಹಾಗೇ ಇಳಿದಿದ್ದರೆ ಅಖಂಡ, ಪ್ಲೈವುಡ್ಡಿನಂತೆ ಪದರ ಕಂಡರೆ ಪದರದ್ದು. ಅಂಚಿಗೆ ಬಣ್ಣ ಬಳಿದು ಮುಚ್ಚಿದ್ದರೆ ಅನುಮಾನಿಸಿ.

ಗಾತ್ರ ನಾಲ್ಕು. ಸೊಪ್ರಾನೊದಲ್ಲಿ ತಂತಿಯ ನಾದದ ಉದ್ದ ಸುಮಾರು 33–35 ಸೆಂಟಿಮೀಟರ್, ಕಾನ್ಸರ್ಟ್‌ನಲ್ಲಿ 38, ಟೆನರ್‌ನಲ್ಲಿ 43. ದೊಡ್ಡವರ ಬೆರಳಿಗೆ ಕಾನ್ಸರ್ಟ್ ಹಿತ. ಸೊಪ್ರಾನೊದ ಮೆಟ್ಟಿಲುಗಳ ನಡುವೆ ಬೆರಳುಗಳು ಒಂದರ ಮೇಲೊಂದು ಹತ್ತುತ್ತವೆ. ಬ್ಯಾರಿಟೋನ್ ಬೇಡ, ಅದರ ಶ್ರುತಿಯೇ ಬೇರೆ, ಗಿಟಾರಿನ ಸಣ್ಣ ನಾಲ್ಕು ತಂತಿಗಳದ್ದು.

ಇನ್ನು ಪರೀಕ್ಷೆ. ಕಾರವಾರದವರು ಮಡಗಾಂವಿಗೆ ಹೋಗಿ, ಶಿರಸಿಯವರು ಹುಬ್ಬಳ್ಳಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿದರೆ ಉತ್ತಮ. ಆನ್‌ಲೈನಿನಲ್ಲಿ ತರಿಸಿದರೆ, ವಾಪಸು ಮಾಡುವ ಗಡುವು ಮುಗಿಯುವ ಮೊದಲೇ ಇದೆಲ್ಲ ಆಗಬೇಕು. ಜತೆಗೊಂದು ಉಕ್ಕಿನ ಅಡಿಪಟ್ಟಿ ಇರಲಿ. ಮಕ್ಕಳ ಕಂಪಾಸ್ ಪೆಟ್ಟಿಗೆಯ ಪ್ಲಾಸ್ಟಿಕ್ ಪಟ್ಟಿಯಲ್ಲಿ ಸೊನ್ನೆ ಅಂಚಿನಿಂದ ಒಳಗೆ ಶುರುವಾಗುತ್ತದೆ, ಅಳತೆ ತಪ್ಪುತ್ತದೆ. ಹನ್ನೆರಡನೇ ಮೆಟ್ಟಿಲಿನ ಮೇಲಿಂದ ತಂತಿಯ ಕೆಳಗಿನವರೆಗೆ ಎರಡೂವರೆಯಿಂದ ಮೂರು ಮಿಲಿಮೀಟರ್ ಇರಬೇಕು, ಮೊದಲ ಮೆಟ್ಟಿಲಿನ ಮೇಲೆ ಅರ್ಧ ಮಿಲಿಮೀಟರಿನ ಆಸುಪಾಸು. ಹನ್ನೆರಡರಲ್ಲಿ ಎತ್ತರವಾದರೆ ಗಾಬರಿ ಬೇಡ. ಕುದುರೆಯ ಮೇಲಿನ ಬಿಳಿ ಪಟ್ಟಿಯನ್ನು ಹೊರತೆಗೆದು ಅಡಿಭಾಗವನ್ನು ಮರಳು ಕಾಗದದಲ್ಲಿ ಉಜ್ಜಬಹುದು. ಇಲ್ಲಿ ಒಂದು ಮಿಲಿಮೀಟರ್ ತಗ್ಗಿಸಿದರೆ ಹನ್ನೆರಡರಲ್ಲಿ ಇಳಿಯುವುದು ಅರ್ಧ ಮಾತ್ರ. ಮೊದಲ ಮೆಟ್ಟಿಲಿನ ಕಡೆ ಎತ್ತರವಿದ್ದರೆ ಮಾತ್ರ ನೀವಾಗಿ ಕೈಹಾಕಬೇಡಿ. ದಂಡಿಯ ತುದಿಯಲ್ಲಿ ತಂತಿ ಕೂರುವ ಪಟ್ಟಿಯ ಕಚ್ಚು ತುಸು ಹೆಚ್ಚು ಆಳವಾದರೂ ಬಿಡಿ ತಂತಿ ಜುಂಯ್‌ಗುಡುತ್ತದೆ, ಹೊಸ ಪಟ್ಟಿಯನ್ನೇ ಹಾಕಬೇಕಾಗುತ್ತದೆ.

ಮುಂದಿನದು ಸ್ವರ ಶುದ್ಧಿ. ವಾದ್ಯದ ತಲೆಗೆ ಸಿಕ್ಕಿಸುವ ಕ್ಲಿಪ್ ಟ್ಯೂನರ್ ತನ್ನಿ. ಅದು ಮರದ ಕಂಪನವನ್ನೇ ಹಿಡಿಯುತ್ತದೆ, ಫೋನಿನದು ಅಂಗಡಿಯ ಗದ್ದಲದಲ್ಲಿ ತಡವರಿಸುತ್ತದೆ. ಬಿಡಿ ತಂತಿಯನ್ನು ಶ್ರುತಿ ಮಾಡಿ, ಹನ್ನೆರಡನೇ ಮೆಟ್ಟಿಲಿನಲ್ಲಿ ಒತ್ತಿ ಮೀಟಿ. ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಬರಬೇಕು. ಮುಳ್ಳು ಐದು ಸೆಂಟ್‌ವರೆಗೆ (ಸೆಂಟ್ ಎಂದರೆ ಅರ್ಧ ಸ್ವರದ ನೂರನೇ ಪಾಲು) ಸರಿದರೆ ಸರಿ, ಹತ್ತು ದಾಟಿದರೆ ಬೇರೆಯದನ್ನು ಕೇಳಿ. ಆಮೇಲೆ ನಾಲ್ಕೂ ತಂತಿಗಳಲ್ಲಿ ಹನ್ನೆರಡು ಮೆಟ್ಟಿಲನ್ನೂ, ಅಂದರೆ 48 ಸ್ವರಗಳನ್ನೂ ಒಂದೊಂದಾಗಿ ನುಡಿಸಿ. ಯಾವುದೋ ಒಂದು ಮಂಕಾದರೆ ಅಥವಾ ಗುಂಯ್‌ಗುಟ್ಟಿದರೆ ಅದರ ಮುಂದಿನ ಮೆಟ್ಟಿಲು ಎತ್ತರವಾಗಿದೆ ಎಂದು ತಿಳಿಯಿರಿ. ಕುದುರೆಯ ಹಿಂದಿನ ಅಂಚಿನಡಿ ತೆಳು ಕಾಗದ ನುಗ್ಗಿದರೆ ಅಂಟು ಬಿಡುತ್ತಿದೆ ಎಂದರ್ಥ. ಬಿರಡೆಗಳು ಹಲ್ಲಿನ ಗಾಲಿಯವಿರಲಿ. ಬರೀ ತಿಕ್ಕಾಟದಿಂದ ನಿಲ್ಲುವ ಬಿರಡೆಗಳ ಶ್ರುತಿ ಹೊಸಬರ ಕೈಯಲ್ಲಿ ಜಾರುತ್ತಲೇ ಇರುತ್ತದೆ.

ಹಾರ್ಮೋನಿಯಂ ಬಲ್ಲವರಿಗೆ ಈ ಶ್ರುತಿ ನೆನಪಿಡುವುದು ಕಷ್ಟವಲ್ಲ. ಬಿಳಿ ಒಂದು ‘ಸ’ ಆದರೆ, ಮುಖದ ಕಡೆಯ ತಂತಿಯಿಂದ ಕೆಳಕ್ಕೆ ಪ, ಸ, ಗ, ದ. ಗ ಮತ್ತು ದ ಎರಡೂ ಹಿಂದೂಸ್ತಾನಿ ಲೆಕ್ಕದ ಶುದ್ಧ, ದ ಎಂದರೆ 440 ಹರ್ಟ್ಸ್. ಈ ಪಂಚಮ ‘ಸ’ಕ್ಕಿಂತ ಮೇಲಿನದು, ಮಂದ್ರದ್ದಲ್ಲ. ಮೇಲಿನ ತಂತಿ ತಗ್ಗು ಸ್ವರದ್ದೇ ಇರಬೇಕೆಂದು ಇಳಿಸಿದರೆ ಅದು ಸಡಿಲಾಗಿ ಜೋತು ಬೀಳುತ್ತದೆ. ಮಂದ್ರ ಪಂಚಮ ಬೇಕಿದ್ದರೆ ಅದಕ್ಕೆಂದೇ ದಪ್ಪ ತಂತಿ ಸಿಗುತ್ತದೆ. ತಂತಿ ಎನ್ನುತ್ತೇವೆ, ಆದರೆ ನೈಲಾನ್ ಅಥವಾ ಫ್ಲೋರೊಕಾರ್ಬನ್ ಮಾತ್ರ ಹಾಕಿ. ಗಿಟಾರಿನ ಉಕ್ಕಿನ ತಂತಿ ಬಿಗಿದರೆ ಆ ಎಳೆತಕ್ಕೆ ಕುದುರೆಯೇ ಕಿತ್ತು ಬರುತ್ತದೆ. ಹೊಸ ತಂತಿ ಮೊದಲ ವಾರವೆಲ್ಲ ಹಿಗ್ಗಿ ಶ್ರುತಿ ಇಳಿಯುತ್ತದೆ. ಅದು ವಾದ್ಯದ ದೋಷವಲ್ಲ, ಕೂತಾಗಲೆಲ್ಲ ಏರಿಸುತ್ತಿರಿ.

ಮನೆಯಲ್ಲಿ ಇಡುವಾಗ ಮಳೆ ಹೊಡೆಯುವ ಪಡುವಣ ಗೋಡೆ ಬೇಡ, ಒಳಗೋಡೆಯ ಕಪಾಟು ಒಳ್ಳೆಯದು. ಪೆಟ್ಟಿಗೆಯೊಳಗೆ ತೇವ ಹೀರಿ ಬಣ್ಣ ಬದಲಿಸುವ ಬಗೆಯ ಸಿಲಿಕಾ ಜೆಲ್ ಪೊಟ್ಟಣಗಳಿರಲಿ, ಬಣ್ಣ ಬದಲಾದಾಗ ಹೊಸದು ಹಾಕಿ. ಒಣಗಲಿ ಎಂದು ಶಿರಸಿ ಕಡೆಯವರು ಒಲೆಯ ಮೇಲಿನ ಅಟ್ಟಕ್ಕೆ ಏರಿಸಬಾರದು. ಅಡಿಕೆಗೆ ಒಗ್ಗುವ ಶಾಖ ಅಂಟಿಗೆ ಒಗ್ಗುವುದಿಲ್ಲ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೂ ಅಷ್ಟೇ. ಕಡಲಂಚಿನ ಮನೆಗಳಲ್ಲಿ ನುಡಿಸಿದ ಮೇಲೆ ಬಿರಡೆಗಳನ್ನೂ ಮೆಟ್ಟಿಲುಗಳನ್ನೂ ಒಣ ಹತ್ತಿ ಬಟ್ಟೆಯಿಂದ ಒರೆಸಿಡಿ. ಉಪ್ಪುಗಾಳಿಗೆ ಮೊದಲು ತುಕ್ಕು ಹಿಡಿಯುವುದು ಬಿರಡೆಯ ಗಾಲಿ.