ಎಲ್ಲಾ ಪಾರ್ಟೂ ನಮ್ಮದೇ

ಎಲ್ಲರಿಗೂ ನಮಸ್ಕಾರ. ಇವತ್ತು ಮಾರ್ಚ್ 27, ವಿಶ್ವ ರಂಗಭೂಮಿ ದಿನ. ಇಂಥ ದಿನ ಮೈಕ್ ಸಿಕ್ಕವರೆಲ್ಲ ನಾಟಕ ನೋಡಿ ಅನ್ನುತ್ತಾರೆ. ನಾನು ನಾಟಕ ಓದಿ ಅಂತ ಹೇಳಲು ಬಂದಿದ್ದೇನೆ. ರಂಗದ ಗೆಳೆಯರು ಮುಂದಿನ ಸಾಲಲ್ಲೇ ಇದ್ದಾರೆ. ಆಗಲೇ ಒಬ್ಬರು ಕೈ ಕಟ್ಟಿಕೊಂಡರು. ಇರಲಿ.

"ನಾಟಕ ಇರೋದು ಆಡೋಕೆ, ಓದೋಕಲ್ಲ." ಈ ಮಾತನ್ನು ನನಗೆ ಮೊದಲು ಹೇಳಿದವರು ಕಾಲೇಜಿನ ಮೇಷ್ಟ್ರು. ಹಾಗೆ ಹೇಳಿ, ಅದೇ ನಾಟಕಕ್ಕೆ ಇಪ್ಪತ್ತು ಪುಟ ನೋಟ್ಸ್ ಬರೆಸಿದರು! ಆಡಿಸಲೂ ಇಲ್ಲ, ಓದಿಸಲೂ ಇಲ್ಲ.

ನಾನು ಮಂಡ್ಯ ಕಡೆಯವನು. ನಮ್ಮಲ್ಲಿ ಕುರುಕ್ಷೇತ್ರ ನಾಟಕ ಆಡುವವರು ತಮ್ಮ ಪಾತ್ರಕ್ಕೆ ತಾವೇ ದುಡ್ಡು ಕಟ್ಟಬೇಕು, ನಿಮಗೆ ಗೊತ್ತೇ ಇದೆ. ಕೃಷ್ಣ, ದುರ್ಯೋಧನ ಅಂದರೆ ರೇಟು ಜಾಸ್ತಿ. ದ್ವಾರಪಾಲಕನಿಗೆ ಕಡಿಮೆ. ನಮ್ಮ ದೊಡ್ಡಪ್ಪ ಒಂದು ವರ್ಷ ಎಮ್ಮೆ ಮಾರಿ ದುರ್ಯೋಧನನಾದರು. ದೊಡ್ಡಮ್ಮ ಬದುಕಿರುವವರೆಗೂ ಆ ಎಮ್ಮೆಯ ಹಾಲಿನ ಲೆಕ್ಕ ಹೇಳುತ್ತಿದ್ದರು. ಪುಸ್ತಕ ಹಿಡಿದು ಕೂತವನಿಗೆ ಕೃಷ್ಣನೂ ಬಿಟ್ಟಿ, ದುರ್ಯೋಧನನೂ ಬಿಟ್ಟಿ, ದ್ರೌಪದಿಯೂ ಬಿಟ್ಟಿ. ಎಮ್ಮೆ ಕೊಟ್ಟಿಗೆಯಲ್ಲೇ ಇರುತ್ತದೆ.

ಐದು ಅಂಶ ಬರೆದುಕೊಂಡು ಬಂದಿದ್ದೇನೆ. ಮೊದಲನೆಯದು ಮೃಚ್ಛಕಟಿಕ. ಶೂದ್ರಕನ ಸಂಸ್ಕೃತ ನಾಟಕ, ಹತ್ತು ಅಂಕ. ಹತ್ತು ಅಂಕ ಅಂದ ಕೂಡಲೇ ಹೆದರಬೇಡಿ. ನಾನು ನಿಮ್ಮನ್ನು ಮೂರನೇ ಅಂಕಕ್ಕೆ ಮಾತ್ರ ಕರೆದುಕೊಂಡು ಹೋಗುತ್ತೇನೆ.

ಅವರೆಕಾಯಿ ಕಾಲ. ರಾತ್ರಿ ಎಂಟು ಗಂಟೆ, ಕರೆಂಟ್ ಇಲ್ಲ. ಚಾರ್ಜರ್ ಲ್ಯಾಂಪಿನ ಸುತ್ತ ಅಮ್ಮ, ಹೆಂಡತಿ, ಮಗಳು ನೆನೆಸಿದ ಕಾಳು ಹಿತುಕುತ್ತಾ ಕೂತಿದ್ದಾರೆ. ನಾನು ಉಗುರು ನೋವು ಅಂತ ಜಾರಿಕೊಂಡೆ. "ಕೆಲಸ ಮಾಡದಿದ್ದರೆ ಏನಾದರೂ ಓದಿ ಹೇಳು" ಅಂದರು ಅಮ್ಮ. ಕೈಗೆ ಸಿಕ್ಕಿದ್ದು ಮೃಚ್ಛಕಟಿಕದ ಕನ್ನಡ ಅನುವಾದ.

ಶರ್ವಿಲಕ ಅಂತ ಒಬ್ಬ ಬ್ರಾಹ್ಮಣ. ನಾಟಕದ ನಾಯಕಿ ವಸಂತಸೇನೆಯ ದಾಸಿ ಮದನಿಕೆಯ ಮೇಲೆ ಅವನಿಗೆ ಪ್ರೀತಿ. ದುಡ್ಡು ಕೊಟ್ಟು ಅವಳನ್ನು ಬಿಡಿಸಿಕೊಳ್ಳಬೇಕು, ದುಡ್ಡಿಲ್ಲ. ಅದಕ್ಕೆ ನಾಯಕ ಚಾರುದತ್ತನ ಮನೆಗೆ ಕನ್ನ ಹಾಕಲು ಬರುತ್ತಾನೆ. ಬಂದವನು ಸುಮ್ನೆ ಗೋಡೆ ಒಡೆಯುವುದಿಲ್ಲ. ಕನ್ನಕ್ಕೆ ಏಳು ನಮೂನೆ ಎಣಿಸುತ್ತಾನೆ. ಕಮಲ, ಸೂರ್ಯ, ಬಾಲಚಂದ್ರ, ಬಾವಿ, ಸ್ವಸ್ತಿಕ, ಹೀಗೆ. ಬೆಳಗ್ಗೆ ಊರವರು ನೋಡಿ ಬೈದರೂ ಕೈಚಳಕ ಮೆಚ್ಚಬೇಕು, ಅದು ಅವನ ಹಠ. ಸುಟ್ಟ ಇಟ್ಟಿಗೆಗೆ ಪೂರ್ಣಕುಂಭವೇ ಸರಿ ಅಂತ ತೀರ್ಮಾನಿಸುತ್ತಾನೆ. ಅಮ್ಮ ಕಾಳು ಬಿಟ್ಟು ತಲೆ ಎತ್ತಿದರು. "ಕಳ್ಳನಿಗೆ ಪೂರ್ಣಕುಂಭ ಸ್ವಾಗತವೇನೋ!"

ಅಳತೆ ಹಗ್ಗ ಮರೆತು ಬಂದಿದ್ದಾನೆ. ಏನು ಮಾಡುವುದು? ಜನಿವಾರ ತೆಗೆದು ಗೋಡೆ ಅಳೆಯುತ್ತಾನೆ. ನಮ್ಮಂಥ ಬ್ರಾಹ್ಮಣರಿಗೆ ಇದರಷ್ಟು ಉಪಯೋಗದ ವಸ್ತು ಇನ್ನೊಂದಿಲ್ಲ, ಹಾವು ಕಚ್ಚಿದರೆ ಕಟ್ಟಿಕೊಳ್ಳಲೂ ಆಗುತ್ತದೆ ಅನ್ನುತ್ತಾನೆ. ಅಷ್ಟರಲ್ಲೇ ಹಾವು ಬೆರಳು ಕಚ್ಚುತ್ತದೆ! ಅದೇ ಜನಿವಾರ ಬಿಗಿಯುತ್ತಾನೆ. ಒಳಗೆ ನುಗ್ಗಿ ನೋಡಿದರೆ ಚಿನ್ನವಿಲ್ಲ, ಬೆಳ್ಳಿಯಿಲ್ಲ. ಮೃದಂಗ, ವೀಣೆ, ಕೊಳಲು, ಪುಸ್ತಕ. ಅಯ್ಯೋ, ನಾಟ್ಯದ ಮೇಷ್ಟ್ರ ಮನೆಗೆ ಬಂದೆನೇ ಅಂತ ಅವನಿಗೇ ಪೆಚ್ಚಾಗುತ್ತದೆ. ಹಾ, ಮುಂದಿನ ಸಾಲಿನವರು ಈಗ ನಕ್ಕರು. ಒಳ್ಳೇದಾಯಿತು.

ಚಾರುದತ್ತನ ಗೆಳೆಯ ಮೈತ್ರೇಯನ ಪಾರ್ಟನ್ನು ಮಗಳು ಕಿತ್ತುಕೊಂಡಳು. ಅವನು ನಿದ್ದೆಗಣ್ಣಲ್ಲಿ, ಎದುರಿಗಿರುವವನೇ ಚಾರುದತ್ತ ಅಂದುಕೊಂಡು, ಒಡವೆ ಪೆಟ್ಟಿಗೆಯನ್ನು ತಾನೇ ಚಾಚುತ್ತಾನೆ. ತೆಗೆದುಕೊಳ್ಳದಿದ್ದರೆ ಗೋಬ್ರಾಹ್ಮಣರ ಆಣೆ ಅಂತ ಬೇರೆ ಹೇಳುತ್ತಾನೆ. ಕಳ್ಳನಿಗೆ ಧರ್ಮಸಂಕಟ! ಆಣೆ ಮೀರುವುದು ಹೇಗೆ? ತೆಗೆದುಕೊಂಡ. ಮಗಳು ಬಾಯಿ ತೆರೆದು ಗೊರಕೆ ಹೊಡೆಯುತ್ತಲೇ ಅಷ್ಟೂ ಮಾತು ಓದಿದಳು. ಗೊರಕೆ ಪುಸ್ತಕದಲ್ಲಿ ಇಲ್ಲ. ಬೆಳಗಾದ ಮೇಲೆ ಚಾರುದತ್ತ ಮೊದಲು ಹೊಗಳುವುದು ಕನ್ನದ ಅಂದವನ್ನು. ಆಮೇಲೆ, ಸದ್ಯ, ಕಳ್ಳ ಬರಿಗೈಲಿ ಹೋಗಲಿಲ್ಲವಲ್ಲ ಅಂತ ಸಮಾಧಾನಪಡುತ್ತಾನೆ. ಅಷ್ಟು ಹೊತ್ತಿಗೆ ಕರೆಂಟ್ ಬಂದಿತ್ತು. ಟಿವಿ ಹಾಕಲು ಯಾರೂ ಏಳಲಿಲ್ಲ.

ಇದೇ ನಾಟಕವನ್ನು ರಂಗದ ಮೇಲೂ ನೋಡಿದ್ದೇನೆ. ಕಂಬದ ಹಿಂದೆ ಸೀಟು. ಪೂರ್ಣಕುಂಭದಲ್ಲಿ ಅರ್ಧ ಕುಂಭ ಕಂಡಿತು. ಆಡಿದವರ ತಪ್ಪಲ್ಲ. ಆದರೆ ಮನೆಯಲ್ಲಿ ಕಂಬ ಇರಲಿಲ್ಲ, ಅಲ್ವಾ?

ಎರಡನೆಯದು ಗಿರೀಶ ಕಾರ್ನಾಡರ ತುಘಲಕ್. ಮದ್ದೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ದಿನಾ ಓಡಾಡುತ್ತಿದ್ದ ಕಾಲ. ಹದಿಮೂರು ದೃಶ್ಯ. ಹೋಗುವಾಗ ಎರಡು, ಬರುವಾಗ ಒಂದು. ಸಂಜೆ ನಿಲ್ಲಲೂ ಜಾಗ ಇರುತ್ತಿರಲಿಲ್ಲ. 1964ರಲ್ಲಿ ಈ ನಾಟಕ ಬಂದಾಗ ಕಾರ್ನಾಡರಿಗೆ 26ರ ಆಸುಪಾಸು. ಆ ವಯಸ್ಸಿನಲ್ಲಿ ನಾವೆಲ್ಲ ಏನು ಮಾಡುತ್ತಿದ್ದೆವು ಅಂತ ಕೇಳಬೇಡಿ.

ಮೊದಲ ದೃಶ್ಯದಲ್ಲಿ ಬಡ ಬ್ರಾಹ್ಮಣ ವಿಷ್ಣುಪ್ರಸಾದ ಸುಲ್ತಾನನ ಮೇಲೇ ದಾವೆ ಹೂಡಿ ಗೆಲ್ಲುತ್ತಾನೆ. ಎಂಥ ನ್ಯಾಯ ಅಂತ ನಾನೂ ಕರಗಿಹೋದೆ. ದೃಶ್ಯದ ಕೊನೆಗೆ ಗೊತ್ತಾಗುತ್ತದೆ, ಅವನು ಬ್ರಾಹ್ಮಣನೇ ಅಲ್ಲ, ಅಗಸರ ಅಜೀಜ್. ಬಿಡದಿ ಬಂದಿತ್ತು. ಪುಟ ಹಿಂದಕ್ಕೆ ತಿರುಗಿಸಿ ತೀರ್ಪು ಸಾರುವ ಡಂಗುರದ ಮಾತನ್ನು ಮತ್ತೆ ಓದಿದೆ. ಅದೇ ಅಕ್ಷರ, ಈಗ ಪ್ರತಿ ಸಾಲಿನ ಹಿಂದೆ ಒಬ್ಬ ನಗುತ್ತಿದ್ದಾನೆ. ರಂಗಮಂದಿರದಲ್ಲಿ ಎದ್ದು ನಿಂತು "ಸ್ವಾಮಿ, ಅದನ್ನು ಇನ್ನೊಂದು ಸಲ ಆಡಿ" ಅಂದರೆ ಹೊರಗೆ ಹಾಕುತ್ತಾರೆ. ಪುಸ್ತಕ ಹೊರಗೆ ಹಾಕುವುದಿಲ್ಲ.

ಮುಂದಿನ ದೃಶ್ಯದಲ್ಲಿ ಸುಲ್ತಾನ ಚದುರಂಗದ ಹಳೇ ಒಗಟು ಬಿಡಿಸಿ ಕುಣಿಯುತ್ತಾನೆ. ಐನ್-ಉಲ್-ಮುಲ್ಕ್‌ಗೆ ಪತ್ರ ಬರೆದು ತಿಳಿಸಬೇಕು ಅನ್ನುತ್ತಾನೆ. ಆ ಗೆಳೆಯ ಎಲ್ಲಿದ್ದಾನೆ? ಸೈನ್ಯ ಕಟ್ಟಿಕೊಂಡು ದಿಲ್ಲಿಯ ಮೇಲೇ ಬರುತ್ತಿದ್ದಾನೆ! ಇಲ್ಲಿ ನಾನು ಪುಸ್ತಕ ಮುಚ್ಚಿ ಐದು ನಿಮಿಷ ಕಿಟಕಿ ನೋಡಿದೆ. ಆ ಐದು ನಿಮಿಷವನ್ನು ಯಾವ ನಿರ್ದೇಶಕ ಕೊಡುತ್ತಾನೆ?

ಚೀಟಿ ಬಂತು. ಇನ್ನು ಹತ್ತು ನಿಮಿಷವಂತೆ. ಕೈಬರಹ ನೋಡಿದರೆ ಐದು ಅನ್ನಿಸುತ್ತದೆ.

ಮೂರನೆಯದು ಕೈಲಾಸಂ, ಬೇಗ ಹೇಳಿಬಿಡುತ್ತೇನೆ. ಅವರು ಕೂತು ಬರೆಯುವ ಆಸಾಮಿ ಅಲ್ಲ. ಎಲ್ಲಾ ಪಾರ್ಟನ್ನೂ ತಾವೇ ಆಡಿ ಹೇಳುತ್ತಿದ್ದರು, ಗೆಳೆಯರು ಬರೆದುಕೊಳ್ಳುತ್ತಿದ್ದರು. ಅಂದರೆ ಒಬ್ಬನೇ ಕೂತು ಇಡೀ ನಾಟಕ ಆಡುವ ಚಟ ನನ್ನದಲ್ಲ, ಅವರದೇ. ಅವರ ಟೊಳ್ಳುಗಟ್ಟಿ ನಾಟಕವನ್ನು ಕಣ್ಣಲ್ಲಿ ಓದಲು ನೋಡಿ, ಎಡವುತ್ತೀರಿ. ಅರ್ಧ ಮಾತು ಇಂಗ್ಲಿಷ್, ಇರುವುದು ಕನ್ನಡ ಅಕ್ಷರದಲ್ಲಿ. ತುಟಿ ಆಡಿಸಿದರೆ ಮಾತ್ರ ಅರ್ಥ. ರೈಲಿನಲ್ಲಿ ಹೀಗೆ ತುಟಿ ಆಡಿಸುತ್ತಿದ್ದಾಗ ಪಕ್ಕದವರು ಮಂತ್ರ ಹೇಳುತ್ತಿದ್ದೇನೆ ಅಂದುಕೊಂಡು ಸರಿದು ಜಾಗ ಕೊಟ್ಟರು.

ನಾಲ್ಕನೆಯದು ರಂಗಸೂಚನೆಗಳು. ಬಿಟ್ಟೆ. ಒಂದೇ ಉಪಾಯ ಹೇಳುತ್ತೇನೆ. ಪಾತ್ರಗಳ ಹೆಸರನ್ನು ಬಸ್ ಟಿಕೆಟ್ ಹಿಂದೆ ಬರೆದಿಟ್ಟುಕೊಳ್ಳಿ. ರಷ್ಯನ್ ನಾಟಕಕ್ಕಾದರೆ ಎರಡು ಟಿಕೆಟ್ ಬೇಕು.

ಐದನೆಯವನು ರಷ್ಯದ ಚೆಕಾಫ್, ಅವನಿಗೆ ಇಡೀ ಸಂಜೆ ಇಟ್ಟಿದ್ದೆ. ಅವನ ಚೆರ್ರಿ ತೋಪಿನ ನಾಟಕ 1904ರಲ್ಲಿ ಮಾಸ್ಕೋದಲ್ಲಿ ಬಂತು. ಚೆಕಾಫ್ ಇದು ಕಾಮಿಡಿ ಅಂದ. ಆಡಿಸಿದ ನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿ ಜನರನ್ನು ಅಳಿಸಿದ. ಜಗಳ ಇನ್ನೂ ಮುಗಿದಿಲ್ಲ. ನಾನು ಎರಡೂ ತರ ಓದಿದ್ದೇನೆ. ಎರಡನೇ ಸಲ ಓದಿದ್ದು ಊರಿನ ಮನೆ ಮಾರಿದ ವಾರ. ಕೊನೆಯಲ್ಲಿ ತೋಪೂ ಮನೆಯೂ ಮಾರಾಟವಾಗಿ ಎಲ್ಲರೂ ಹೊರಟುಹೋಗಿ, ಮುದಿ ಆಳು ಫಿರ್ಸ್‌ನನ್ನು ಮರೆತು ಬೀಗ ಹಾಕುತ್ತಾರಲ್ಲ, ಅಲ್ಲಿ ನಾನು ಎದ್ದು ಹೋಗಿ ನಮ್ಮ ಬಾಗಿಲು ತೆಗೆದು ನೋಡಿದೆ. ಯಾಕೆ ಅಂತ ಗೊತ್ತಿಲ್ಲ.

ಚೀಟಿ ಮತ್ತೆ ಬಂತು. ಹಿಂದಿನ ಮೇಜಿನ ಮೇಲೆ ನನ್ನ ಪುಸ್ತಕಗಳಿವೆ, ತೆಗೆದುಕೊಂಡು ಹೋಗಿ ಓದಿ ತನ್ನಿ. ಮೃಚ್ಛಕಟಿಕ ಸಿಕ್ಕವರು ಮೂರನೇ ಅಂಕ ತೆರೆದರೆ ಒಂದು ಒಣಗಿದ ಅವರೆ ಸಿಪ್ಪೆ ಕಾಣುತ್ತದೆ. ಎಸೆಯಬೇಡಿ. ಕನ್ನ ಇರುವ ಪುಟ ಅದು.